ಇಂಪ್ಲಾಂಟ್ ಕ್ಯಾಪ್ ಮತ್ತೆ ಮತ್ತೆ ಕಳಚುತ್ತಿದೆ: ತಪ್ಪು ತಾತ್ಕಾಲಿಕ ಸಿಮೆಂಟಿನದೇ?

ಪ್ರಶ್ನೆ: ನನಗೆ 52 ವರ್ಷ. ಕೆಳದವಡೆಯ ಬಲಗಡೆ, ಮೊದಲ ದವಡೆ ಹಲ್ಲಿನ ಜಾಗದಲ್ಲಿ ಇಂಪ್ಲಾಂಟ್ ಮೇಲೆ ಜಿರ್ಕೋನಿಯಾ ಕ್ಯಾಪ್ ಕೂರಿಸಿ 14 ತಿಂಗಳಾಯಿತು. ಅದು ಈವರೆಗೆ ಮೂರು ಸಲ ಕಳಚಿ ಬಂದಿದೆ. ಮೊದಲು ಎಂಟು ತಿಂಗಳಿಗೆ, ಆಮೇಲೆ ನಾಲ್ಕು ತಿಂಗಳಿಗೆ, ಈಗ ಎರಡೇ ತಿಂಗಳಿಗೆ. ಮೊದಲ ಸಲ ಕಳಚಿದಾಗ ಪ್ರಯಾಣದಲ್ಲಿದ್ದ ಕಾರಣ ಮೂರು ವಾರ ಅದನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದೆ. ಮೊನ್ನೆ ರಾತ್ರಿ ನಿದ್ದೆಯಲ್ಲಿ ಕಳಚಿ ನಾಲಗೆಗೆ ಸಿಕ್ಕಿತು; ತುಂಬ ಹೆದರಿದೆ. ಕ್ಯಾಪಿನ ಒಳಗೆ ಒಂದು ಬದಿಗೆ ಬಿಳಿಯ ಸಿಮೆಂಟ್ ದಪ್ಪಗೆ ಕೂತಿದೆ, ಇನ್ನೊಂದು ಬದಿ ಹೊಳೆಯುತ್ತಿದೆ. ವೈದ್ಯರು ಪ್ರತಿ ಸಲವೂ ತಾತ್ಕಾಲಿಕ ಸಿಮೆಂಟಿನಲ್ಲೇ ಅಂಟಿಸುತ್ತಾರೆ. ಕಾಯಂ ಸಿಮೆಂಟ್ ಹಾಕಿ ಎಂದರೆ, ಮುಂದೆ ತೆಗೆಯಬೇಕಾಗಿ ಬರಬಹುದು, ಬೇಡ ಎನ್ನುತ್ತಾರೆ. ನನ್ನ ಅಕ್ಕನಿಗೆ ರೂಟ್ ಕೆನಾಲ್ ಮಾಡಿದ ಹಲ್ಲಿನ ಮೇಲೆ ಕ್ಯಾಪ್ ಹಾಕಿ ಒಂಬತ್ತು ವರ್ಷವಾದರೂ ಅಲುಗಾಡಿಲ್ಲ. ತಾತ್ಕಾಲಿಕ ಸಿಮೆಂಟ್ ಕರಗಿ ಇಂಪ್ಲಾಂಟಿಗೆ ಸೋಂಕು ತಗಲುತ್ತದೆಯೇ? ಗಟ್ಟಿ ಸಿಮೆಂಟಿಗೆ ಹಟ ಹಿಡಿಯಲೇ? ಅಲ್ಲಿಯವರೆಗೆ ಮನೆಯಲ್ಲೇ ಅಂಟಿಸಿಕೊಳ್ಳಬಹುದೇ?

ಉತ್ತರ: ಕಳಚಿದ ಕ್ಯಾಪ್ ನಿದ್ದೆಯಲ್ಲಿ ನಾಲಗೆಗೆ ತಗುಲಿದಾಗ ಆಗುವ ಗಾಬರಿಯನ್ನು ನನ್ನ ಬಳಿ ಬಂದ ಹಲವರು ಹೇಳಿಕೊಂಡಿದ್ದಾರೆ. ನೀವು ಹೆದರಿದ್ದರಲ್ಲಿ ಅತಿಯೇನೂ ಇಲ್ಲ. ಆದ್ದರಿಂದ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಮನೆಯಲ್ಲಿ ಯಾವ ಅಂಟನ್ನೂ ಹಚ್ಚಬೇಡಿ. ಸಡಿಲವಾದ ಕ್ಯಾಪನ್ನು ಒತ್ತಿ ಕೂರಿಸಿಕೊಂಡು ಮಲಗಲೂ ಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಸಿಮೆಂಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಇದು. ಇಂಪ್ಲಾಂಟ್ ಮೇಲಿನ ಕ್ಯಾಪಿಗೆ ತಾತ್ಕಾಲಿಕ ಸಿಮೆಂಟ್ ಆರಿಸುವುದು ಅಜ್ಞಾನವೂ ಅಲ್ಲ, ಜಿಪುಣತನವೂ ಅಲ್ಲ. ನಿಮ್ಮ ವೈದ್ಯರು ಹೇಳಿದ ಕಾರಣ ನಿಜವಾದದ್ದೇ. ಆದರೆ ಮೂರು ಸಲ ಕಳಚಿದ ಮೇಲೂ ಏಕೆ ಕಳಚಿತು ಎಂದು ಹುಡುಕದೆ ಅದನ್ನೇ ಹಚ್ಚಿ ಕಳುಹಿಸಿದ್ದರೆ ಅದು ಸರಿಯಲ್ಲ. ಹಾಗೆಂದು ಕಾರಣ ತಿಳಿಯದೆ ನೀವು ಗಟ್ಟಿ ಸಿಮೆಂಟ್ ಹಾಕಿಸಿಕೊಂಡರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತಾಗುತ್ತದೆ.

ಅಕ್ಕನ ಕ್ಯಾಪಿನ ಜೊತೆಗಿನ ಹೋಲಿಕೆಯನ್ನು ಮೊದಲು ಬಿಡಿಸೋಣ. ಅವರ ಕ್ಯಾಪಿನ ಕೆಳಗಿರುವುದು ಸಹಜ ಹಲ್ಲು. ಅಂಚಿನಲ್ಲಿ ಸಿಮೆಂಟ್ ಕರಗಿದರೆ ಲಾಲಾರಸ ಒಳನುಗ್ಗುತ್ತದೆ, ಹಿಂದೆಯೇ ಬ್ಯಾಕ್ಟೀರಿಯಾ, ಹಲ್ಲು ಹುಳುಕಾಗುತ್ತದೆ. ರೂಟ್ ಕೆನಾಲ್ ಆದ ಹಲ್ಲಿನಲ್ಲಿ ನೋವೂ ಇರುವುದಿಲ್ಲ; ಗೊತ್ತಾಗುವ ಹೊತ್ತಿಗೆ ಹಲ್ಲು ಮುರಿದಿರುತ್ತದೆ. ಅಲ್ಲಿ ಕಾಯಂ ಸಿಮೆಂಟ್ ಬೇಕೇ ಬೇಕು. ನಿಮ್ಮ ಕ್ಯಾಪಿನ ಕೆಳಗಿರುವುದು ಅಬಟ್‌ಮೆಂಟ್ ಎಂಬ ಪುಟ್ಟ ಗೂಟ, ಸಾಮಾನ್ಯವಾಗಿ ಟೈಟಾನಿಯಂ ಲೋಹದ್ದು. ಅದು ಹುಳುಕಾಗುವುದಿಲ್ಲ. ಹೀಗಾಗಿ ಗಟ್ಟಿ ಸಿಮೆಂಟಿನ ದೊಡ್ಡ ಅಗತ್ಯವೊಂದು ಇಲ್ಲಿ ಇಲ್ಲವಾಗುತ್ತದೆ. ಅದರ ಬದಲು ಇನ್ನೊಂದು ಅಗತ್ಯ ಹುಟ್ಟುತ್ತದೆ. ಆ ಗೂಟವನ್ನು ಮೂಳೆಯೊಳಗಿನ ಇಂಪ್ಲಾಂಟಿಗೆ ಬಿಗಿದಿರುವುದು ಒಂದು ಸಣ್ಣ ಸ್ಕ್ರೂ. ತಯಾರಕರ ಸೂಚನೆಯಂತೆ ಸಾಮಾನ್ಯವಾಗಿ 25ರಿಂದ 35 ನ್ಯೂಟನ್ ಸೆಂಟಿಮೀಟರ್ ಬಲದಲ್ಲಿ ಅದನ್ನು ತಿರುಗಿಸಿ ಬಿಗಿಯುತ್ತೇವೆ. ವರ್ಷಗಟ್ಟಲೆ ಅಗಿಯುವ ಒತ್ತಡದಲ್ಲಿ ಅದು ಸಡಿಲವಾಗಬಹುದು. ಆಗ ಮತ್ತೆ ಬಿಗಿಯಲು ಮೇಲಿನ ಕ್ಯಾಪ್ ಬಿಚ್ಚಿಕೊಳ್ಳಬೇಕು. ಕಾಯಂ ಸಿಮೆಂಟ್ ಎಂದರೆ ಆ ಮುಚ್ಚಳಕ್ಕೆ ಬೆಸುಗೆ ಹಾಕಿದಂತೆ.

1965ರಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್ ಅಳವಡಿಸಿದರು. ಅವರ ಪದ್ಧತಿಯಲ್ಲಿ ಹಲ್ಲುಗಳನ್ನು ಇಂಪ್ಲಾಂಟಿಗೆ ಬಿಗಿಯುತ್ತಿದ್ದುದು ಸ್ಕ್ರೂವಿನಿಂದ, ಬೇಕೆಂದಾಗ ಬಿಚ್ಚಬಹುದಿತ್ತು. ಸಹಜ ಹಲ್ಲಿನ ಕ್ಯಾಪುಗಳ ಅಭ್ಯಾಸದಿಂದ ಸಿಮೆಂಟ್ ಇಲ್ಲಿಗೂ ಬಂತು. ಅದರಿಂದ ಅಂದ ಹೆಚ್ಚಿತು, ಕೆಲಸ ಸುಲಭವಾಯಿತು, ಆದರೆ ಬಿಚ್ಚುವ ಅನುಕೂಲ ಕೈತಪ್ಪಿತು. ತಾತ್ಕಾಲಿಕ ಸಿಮೆಂಟಿನ ಮೂಲಕ ನಾವು ಮರಳಿ ಪಡೆಯಲು ನೋಡುವುದು ಆ ಅನುಕೂಲವನ್ನೇ. ತಾತ್ಕಾಲಿಕ ಎಂಬುದು ಸಿಮೆಂಟಿನ ಜಾತಿಗೆ ಇಟ್ಟ ಹೆಸರು, ನಿಮ್ಮ ಹಲ್ಲಿನ ಆಯುಷ್ಯಕ್ಕೆ ಅಲ್ಲ. ಗೂಟ ಮತ್ತು ಕ್ಯಾಪ್ ಸರಿಯಾಗಿ ಹೊಂದಿಕೊಂಡಿರುವಲ್ಲಿ ಇದೇ ಸಿಮೆಂಟಿನ ಮೇಲೆ ಕ್ಯಾಪುಗಳು ವರ್ಷಗಟ್ಟಲೆ ನಿಂತಿರುವುದನ್ನು ನಾನು ಕಂಡಿದ್ದೇನೆ. ಒಮ್ಮೊಮ್ಮೆ ತೆಗೆಯಬೇಕೆಂದು ನಾವೇ ಪ್ರಯತ್ನಿಸಿದರೂ ಸುಲಭಕ್ಕೆ ಬರುವುದಿಲ್ಲ.

ಹಾಗಾದರೆ ನಿಮ್ಮದು ಏಕೆ ನಿಲ್ಲುತ್ತಿಲ್ಲ? ಕ್ಯಾಪನ್ನು ಹಿಡಿದಿಡುವುದರಲ್ಲಿ ಸಿಮೆಂಟಿನ ಪಾಲು ಕೊನೆಯದು. ಪೆನ್ನಿನ ಮುಚ್ಚಳವನ್ನು ನೆನಪಿಸಿಕೊಳ್ಳಿ. ಅಂಟೇ ಇಲ್ಲದೆ ಅದು ನಿಲ್ಲುವುದು ಒಳಗಿನ ಭಾಗ ಉದ್ದವಾಗಿದೆ, ಬದಿಗಳು ನೇರವಾಗಿವೆ, ಎರಡೂ ಒಂದಕ್ಕೊಂದು ಒತ್ತಿಕೊಂಡಿವೆ ಎಂಬ ಕಾರಣಕ್ಕೆ. ಗೂಟದ ಬದಿಗಳು ಮೇಲಕ್ಕೆ ಹೋದಂತೆ ಎಷ್ಟು ಕಿರಿದಾಗುತ್ತವೆ ಎಂಬ ಇಳಿಜಾರು ಹಿಡಿತದಲ್ಲಿ ಬಹುಮುಖ್ಯ. ಇಳಿಜಾರು ಹೆಚ್ಚಿದಂತೆ ಹಿಡಿತ ನಿಧಾನವಾಗಿ ಅಲ್ಲ, ಕಡಿದಾಗಿ ಕುಸಿಯುತ್ತದೆ ಎಂಬುದನ್ನು ಡೆನ್ಮಾರ್ಕಿನ ಯೋರ್ಗೆನ್ಸನ್ 1955ರಲ್ಲೇ ಅಳೆದು ತೋರಿಸಿದ್ದರು. ಕಾರ್ಖಾನೆಯಿಂದ ಬರುವ ಅಬಟ್‌ಮೆಂಟ್‌ಗಳ ಇಳಿಜಾರು ಸಾಮಾನ್ಯವಾಗಿ 6 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಅದು ಒಳ್ಳೆಯದೇ. ಆದರೆ ಎದುರು ಹಲ್ಲಿಗೆ ತಾಗದಂತೆ ಅದನ್ನು ಕೊಯ್ದು ಗಿಡ್ಡ ಮಾಡಿದಾಗ ತೊಂದರೆ ಶುರುವಾಗುತ್ತದೆ. 4 ಮಿಲಿಮೀಟರಿಗಿಂತ ಕಡಿಮೆ ಎತ್ತರದ ಗೂಟದ ಮೇಲೆ ತಾತ್ಕಾಲಿಕ ಸಿಮೆಂಟನ್ನು ನಾನು ನಂಬುವುದಿಲ್ಲ. ಹಿಂದಿನ ದವಡೆ ಹಲ್ಲುಗಳಲ್ಲಿ ಈ ಸಮಸ್ಯೆ ಹೆಚ್ಚು: ಎದುರು ಹಲ್ಲಿಗೂ ಒಸಡಿಗೂ ನಡುವೆ ಜಾಗ ಕಡಿಮೆ, ಕ್ಯಾಪ್ ಮಾತ್ರ ಅಗಲ. ಗಿಡ್ಡ ಗೂಟದ ಮೇಲಿನ ಅಗಲ ಕ್ಯಾಪ್ ಒಂದು ಅಂಚಿನ ಮೇಲೆ ಒತ್ತಡ ಬಿದ್ದೊಡನೆ ಇನ್ನೊಂದು ಅಂಚಿನಲ್ಲಿ ಏಳಲು ನೋಡುತ್ತದೆ. ನೇರವಾಗಿ ಕೆಳಕ್ಕೆ ಬೀಳುವ ಒತ್ತಡ, ನೂರಾರು ನ್ಯೂಟನ್ ಇದ್ದರೂ, ಕ್ಯಾಪನ್ನು ಇನ್ನಷ್ಟು ಕೂರಿಸುತ್ತದೆಯೇ ಹೊರತು ಕಳಚುವುದಿಲ್ಲ. ಕಳಚುವುದು ಪಕ್ಕದಿಂದ ಬರುವ ಒತ್ತಡ, ಹಲ್ಲು ಕಡಿಯುವ ಅಭ್ಯಾಸ, ಅಂಟುವ ತಿನಿಸಿನ ಮೇಲೆಳೆತ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಎರಡು ಸಂಗತಿ. ಎಂಟು, ನಾಲ್ಕು, ಎರಡು ಎಂದು ಪ್ರತಿ ಸಲ ಅವಧಿ ಅರ್ಧಕ್ಕಿಳಿದದ್ದು ಒಂದು. ಕ್ಯಾಪಿನ ಒಳಮೈಯನ್ನು ನೀವು ವಿವರಿಸಿದ ರೀತಿ ಇನ್ನೊಂದು.

ಕಳಚಿದ ಕ್ಯಾಪ್ ಕೈಗೆ ಬಂದಾಗ ನಾನು ಅದನ್ನು ತೊಳೆಯುವುದಕ್ಕೆ ಮೊದಲು ದೀಪದಡಿ ಹಿಡಿದು ಮಗುಚಿ ನೋಡುತ್ತೇನೆ. ಸಿಮೆಂಟೆಲ್ಲ ಕ್ಯಾಪಿನೊಳಗೆ ಉಳಿದು ಗೂಟ ಸ್ವಚ್ಛವಾಗಿದ್ದರೆ, ಗೂಟದ ಮೈ ತೀರ ನುಣುಪು. ಸಿಮೆಂಟೆಲ್ಲ ಗೂಟದ ಮೇಲಿದ್ದು ಕ್ಯಾಪ್ ಖಾಲಿಯಾಗಿದ್ದರೆ, ಜಿರ್ಕೋನಿಯಾದ ಒಳಮೈಯನ್ನು ಅಂಟಿಗೆ ಸಿದ್ಧಪಡಿಸಿಲ್ಲ. ಅಂಚಿನ ಸುತ್ತ ಕಂದು ಬಣ್ಣ, ಮೂಗಿಗೆ ಹಿಡಿದರೆ ಕೊಳೆತ ವಾಸನೆ ಇದ್ದರೆ, ಕ್ಯಾಪ್ ಕಳಚಿದ್ದು ನಿನ್ನೆಯಾದರೂ ಸೋರಿಕೆ ಶುರುವಾಗಿ ವಾರಗಳೇ ಆಗಿವೆ. ಕ್ಯಾಪಿನ ಜೊತೆ ಸ್ಕ್ರೂ ಸಮೇತ ಲೋಹದ ಗೂಟವೂ ಹೊರಬಂದಿದ್ದರೆ ಅಲ್ಲಿ ಸಿಮೆಂಟಿನ ತಪ್ಪೇನೂ ಇಲ್ಲ, ಸಡಿಲವಾದದ್ದು ಸ್ಕ್ರೂ. ಒಂದು ಬದಿ ದಪ್ಪ, ಇನ್ನೊಂದು ಬದಿ ಹೊಳಪು ಎಂದು ನೀವು ಬರೆದಿದ್ದೀರಿ. ಕ್ಯಾಪ್ ಪೂರ್ತಿ ಕೂರದೆ ಓರೆಯಾಗಿ ನಿಂತಿತ್ತು ಎಂಬುದರ ಗುರುತು ಅದು. ಹೊಳೆಯುವ ಕಡೆ ಕ್ಯಾಪ್ ಗೂಟಕ್ಕೆ ನೇರವಾಗಿ ಉಜ್ಜಿದೆ. ದಪ್ಪಗಿರುವ ಕಡೆ ಸಂದು ಬಿಟ್ಟಿದೆ. ಈ ಸಿಮೆಂಟ್ ತೆಳು ಪದರವಾಗಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ದಪ್ಪಗಾದಲ್ಲಿ ತನ್ನೊಳಗೇ ಬಿರುಕು ಬಿಡುತ್ತದೆ, ಲಾಲಾರಸಕ್ಕೆ ಕರಗುತ್ತದೆ.

ಓರೆಯಾಗಿ ಏಕೆ ಕೂತಿತು? ಬಾಯಿ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಆ ಮೂರು ವಾರಗಳ ಮೇಲೆ ನನಗೆ ಬಲವಾದ ಅನುಮಾನವಿದೆ. ಸಹಜ ಹಲ್ಲುಗಳು ನಿಂತಲ್ಲೇ ನಿಲ್ಲುವುದಿಲ್ಲ. ಪಕ್ಕದಲ್ಲಿ ಜಾಗ ಸಿಕ್ಕರೆ ವಾರಗಳಲ್ಲೇ ಕೂದಲೆಳೆಯಷ್ಟು ವಾಲುತ್ತವೆ. ಗೂಟದ ಸುತ್ತಲಿನ ಒಸಡೂ ಅಂಚಿನ ಮೇಲೆ ಮಗುಚಿಕೊಳ್ಳುತ್ತದೆ. ಆಮೇಲೆ ಅದೇ ಕ್ಯಾಪನ್ನು ಒತ್ತಿದರೆ ಅಕ್ಕಪಕ್ಕದ ಹಲ್ಲಿಗೆ ಸಿಕ್ಕಿಕೊಂಡು ಕೊನೆಯ ಕೂದಲೆಳೆಯಷ್ಟು ಕೆಳಗಿಳಿಯುವುದಿಲ್ಲ. ಮೇಲ್ನೋಟಕ್ಕೆ ಕೂತಂತೆಯೇ ಕಾಣುತ್ತದೆ. ಅದರ ಜೊತೆ ಹಿಂದಿನ ಸಿಮೆಂಟಿನ ಚೂರು ಒಳಮೂಲೆಯಲ್ಲಿ ಉಳಿದಿದ್ದರೆ ಮುಂದಿನ ಸಲ ಇನ್ನಷ್ಟು ಎತ್ತರಕ್ಕೆ ನಿಲ್ಲುತ್ತದೆ. ಎತ್ತರ ನಿಂತ ಕ್ಯಾಪಿಗೆ ಎದುರು ಹಲ್ಲು ಮೊದಲು ಬಡಿಯುತ್ತದೆ. ಅವಧಿ ಅರ್ಧರ್ಧ ಇಳಿಯುತ್ತಾ ಬರುವುದು ಹೀಗೆ. ಇದೇ ನಿಜವಾಗಿದ್ದರೆ ಜಗತ್ತಿನ ಅತ್ಯಂತ ಗಟ್ಟಿ ಸಿಮೆಂಟ್ ಹಾಕಿದರೂ ಓರೆ ಓರೆಯಾಗಿಯೇ ಉಳಿಯುತ್ತದೆ.

ಇನ್ನು ಸಿಮೆಂಟುಗಳ ಬಲದ ವಿಷಯ. ಪ್ರಯೋಗಾಲಯದಲ್ಲಿ ಕ್ಯಾಪನ್ನು ಗೂಟಕ್ಕೆ ಅಂಟಿಸಿ, ಯಂತ್ರದಲ್ಲಿ ಎಳೆದು, ಎಷ್ಟು ನ್ಯೂಟನ್ ಬಲಕ್ಕೆ ಕಳಚಿತು ಎಂದು ಅಳೆಯುತ್ತಾರೆ. ಜಿಂಕ್ ಆಕ್ಸೈಡ್ ಆಧಾರದ ತಾತ್ಕಾಲಿಕ ಸಿಮೆಂಟುಗಳು ಸಾಮಾನ್ಯವಾಗಿ ಕೆಳಗಿನ ಮೆಟ್ಟಿಲಲ್ಲಿ, ಪಾಲಿಕಾರ್ಬಾಕ್ಸಿಲೇಟ್ ಮತ್ತು ಜಿಂಕ್ ಫಾಸ್ಫೇಟ್ ಅವುಗಳ ಮೇಲೆ, ರೆಸಿನ್ ಸಿಮೆಂಟುಗಳು ತುದಿಯಲ್ಲಿ. ಆದರೆ ನಡುವಿನ ಮೆಟ್ಟಿಲುಗಳು ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಅದಲುಬದಲಾಗುತ್ತವೆ. ಗೂಟದ ಎತ್ತರ ಬೇರೆ, ಕ್ಯಾಪಿನ ವಸ್ತು ಬೇರೆ, ಒಳಮೈಯ ತರಿ ಬೇರೆ. ಅಂಟಿಸಿದ ಮರುದಿನ ಎಳೆದರೆ ಒಂದು ಅಂಕಿ. 5 ಡಿಗ್ರಿ ಮತ್ತು 55 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸಾವಿರಾರು ಸಲ ಅದ್ದಿ ತೆಗೆದ ಮೇಲೆ ಎಳೆದರೆ ಇನ್ನೊಂದು. ಪೊಟ್ಟಣದ ಮೇಲಿನ ಅಂಕಿ ನಿಮ್ಮ ಬಾಯಿಗೆ ಹಾಗೆಯೇ ಅನ್ವಯಿಸುವುದಿಲ್ಲ. ತಾತ್ಕಾಲಿಕ ಸಿಮೆಂಟುಗಳಲ್ಲೇ ಯೂಜಿನಾಲ್ ಇರುವವು ಮತ್ತು ಇಲ್ಲದವು ಎಂದು ಎರಡು ಬಗೆ. ಲವಂಗದ ವಾಸನೆ ಬರುವುದು ಮೊದಲಿನದಕ್ಕೆ. ಮುಂದೆ ರೆಸಿನ್ ಸಿಮೆಂಟ್ ಬಳಸುವ ಯೋಚನೆಯಿದ್ದರೆ ಯೂಜಿನಾಲ್ ಇಲ್ಲದ್ದನ್ನೇ ಆರಿಸುವುದು ವಾಸಿ, ಏಕೆಂದರೆ ಯೂಜಿನಾಲಿನ ಶೇಷ ರೆಸಿನ್ ಗಟ್ಟಿಯಾಗುವುದಕ್ಕೆ ಅಡ್ಡಿ ಮಾಡುತ್ತದೆ.

ಸೋಂಕಿನ ಬಗ್ಗೆ ನೀವು ಕೇಳಿದ್ದೀರಿ. ಕರಗಿದ ಸಿಮೆಂಟಿಗಿಂತ ಉಳಿದುಹೋದ ಸಿಮೆಂಟನ್ನು ಕಂಡರೆ ನನಗೆ ಹೆಚ್ಚು ಭಯ, ಅದರಲ್ಲೂ ಗಟ್ಟಿ ಸಿಮೆಂಟಿನದು. ಸಹಜ ಹಲ್ಲಿನಲ್ಲಿ ಒಸಡಿನ ನಾರುಗಳು ಬೇರಿನೊಳಕ್ಕೆ ನಾಟಿಕೊಂಡು ತಡೆಗೋಡೆಯಂತಿರುತ್ತವೆ. ಇಂಪ್ಲಾಂಟಿನ ಸುತ್ತ ಆ ನಾರುಗಳು ಲೋಹಕ್ಕೆ ಸಮಾನಾಂತರವಾಗಿ ಹಾಯುತ್ತವೆ, ನಾಟಿಕೊಳ್ಳುವುದಿಲ್ಲ. ಕ್ಯಾಪನ್ನು ಒತ್ತಿದಾಗ ಹೊರಚೆಲ್ಲುವ ಸಿಮೆಂಟ್ ಅಡೆತಡೆಯಿಲ್ಲದೆ ಒಸಡಿನಡಿಗೆ ಇಳಿದುಬಿಡುತ್ತದೆ. ಅಲ್ಲಿ ಉಳಿದ ಚೂರು ಬ್ಯಾಕ್ಟೀರಿಯಾಗಳಿಗೆ ಮನೆಯಾಗುತ್ತದೆ. ಮೊದಲು ಒಸಡಿನಲ್ಲಿ ರಕ್ತ, ಆಮೇಲೆ ಕೀವು, ಕೊನೆಗೆ ಮೂಳೆಯ ಸವೆತ. ಇಂಪ್ಲಾಂಟಿನ ಸುತ್ತ ಉರಿಯೂತದ ಲಕ್ಷಣವಿದ್ದವರನ್ನು ಪುಟ್ಟ ಎಂಡೋಸ್ಕೋಪಿನಿಂದ ಪರೀಕ್ಷಿಸಿದ ಥಾಮಸ್ ವಿಲ್ಸನ್ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಂಥ ಪ್ರಕರಣಗಳಲ್ಲಿ ಶೇ 81ರಷ್ಟರಲ್ಲಿ ಹೆಚ್ಚುವರಿ ಸಿಮೆಂಟ್ ಸಿಕ್ಕಿತು. ಅದನ್ನು ತೆಗೆದ ಮೇಲೆ ಶೇ 74ರಷ್ಟರಲ್ಲಿ ಲಕ್ಷಣಗಳು ಕಾಣೆಯಾದವು. ಅದು ಸಣ್ಣ ಸಂಖ್ಯೆಯ ರೋಗಿಗಳ ಅಧ್ಯಯನ, ಆದರೂ ಕ್ಯಾಪಿನೊಳಗೆ ಸಿಮೆಂಟ್ ತುಂಬುವ ನಮ್ಮ ಕೈಯನ್ನು ಅದು ಹಗುರ ಮಾಡಿತು.

ಒಮ್ಮೆ ಒಬ್ಬರ ಒಸಡನ್ನು ತೆರೆದು ನೋಡಿದಾಗ ಸಾಸಿವೆ ಕಾಳಿನಷ್ಟು ರೆಸಿನ್ ಚೂರೊಂದು ಇಂಪ್ಲಾಂಟಿನ ಕೆನ್ನೆಯ ಕಡೆಯ ಮೈಗೆ ಕಲ್ಲಿನಂತೆ ಹತ್ತಿಕೊಂಡಿತ್ತು. ಎರಡು ವರ್ಷ ಅವರಿಗೆ ಹಲ್ಲುಜ್ಜುವಾಗಲೆಲ್ಲ ರಕ್ತ ಬರುತ್ತಿತ್ತಂತೆ. ಎಕ್ಸ್‌ರೇಯಲ್ಲಿ ಏನೂ ಕಂಡಿರಲಿಲ್ಲ. ಎಕ್ಸ್‌ರೇಯಲ್ಲಿ ಇಂಪ್ಲಾಂಟಿನ ಎರಡು ಪಕ್ಕಗಳಷ್ಟೇ ಕಾಣುತ್ತವೆ. ಕೆನ್ನೆಯ ಕಡೆ, ನಾಲಗೆಯ ಕಡೆ ಇರುವುದು ಲೋಹದ ನೆರಳಿನಲ್ಲಿ ಅಡಗುತ್ತದೆ. ಕೆಲವು ರೆಸಿನ್ ಸಿಮೆಂಟುಗಳಂತೂ ಎಲ್ಲಿದ್ದರೂ ಸರಿಯಾಗಿ ಕಾಣುವುದಿಲ್ಲ. ಜಿಂಕ್ ಇರುವ ಸಿಮೆಂಟುಗಳು ಬೆಳ್ಳಗೆ ಎದ್ದು ಕಾಣುತ್ತವೆ, ಉಗುರಿನಿಂದ ಎತ್ತಿದಂತೆ ಚೂರುಚೂರಾಗಿ ಬಿಡಿಸಿಕೊಳ್ಳುತ್ತವೆ. ನಿಮ್ಮ ವೈದ್ಯರ ಆಯ್ಕೆಯ ಪರವಾಗಿ ನಾನು ಹೇಳುವ ಬಲವಾದ ಮಾತು ಇದೇ.

ಹಾಗೆಂದು ಕರಗುವ ಸಿಮೆಂಟಿನಿಂದ ತೊಂದರೆಯೇ ಇಲ್ಲ ಎಂದಲ್ಲ. ಸಡಿಲವಾದ ಕ್ಯಾಪನ್ನು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಒಳಗೆ ಕೊಳೆ ತುಂಬಿ ಒಸಡು ಕೆಂಪಾಗುತ್ತದೆ. ಅಕ್ಕಪಕ್ಕದ ಕ್ಯಾಪುಗಳನ್ನು ಸೇರಿಸಿದ ಬ್ರಿಡ್ಜ್ ಇದ್ದವರಿಗೆ ಅಪಾಯ ಇನ್ನೂ ದೊಡ್ಡದು: ಒಂದು ತುದಿ ಬಿಟ್ಟು ಇನ್ನೊಂದು ಹಿಡಿದಿದ್ದರೆ ಹಿಡಿದ ಕಡೆಯ ಸ್ಕ್ರೂ ಮೇಲೆ ಭಾರವೆಲ್ಲ ಬೀಳುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ನಿಮ್ಮದು ಒಂಟಿ ಕ್ಯಾಪ್ ಆದ್ದರಿಂದ ಆ ಭಯವಿಲ್ಲ.

ನನ್ನ ಕುರ್ಚಿಯಲ್ಲಿ ನೀವು ಕೂತಿದ್ದರೆ ನಾನು ಹೀಗೆ ಮುಂದುವರಿಯುತ್ತಿದ್ದೆ. ಮೊದಲು ಗೂಟ ಅಲುಗುತ್ತದೆಯೇ ಎಂದು ನೋಡಿ, ಸ್ಕ್ರೂ ಬಿಗಿಯನ್ನು ಟಾರ್ಕ್ ವ್ರೆಂಚಿನಿಂದ ಪರೀಕ್ಷಿಸುತ್ತಿದ್ದೆ. ಗೂಟದ ಎತ್ತರ ಅಳೆಯುತ್ತಿದ್ದೆ. ಕ್ಯಾಪಿನ ಒಳಗನ್ನು ಪೂರ್ತಿ ಸ್ವಚ್ಛಗೊಳಿಸಿ, ಸಿಮೆಂಟ್ ಇಲ್ಲದೆ ಕೂರಿಸಿ, ಪಕ್ಕದ ಹಲ್ಲುಗಳ ನಡುವೆ ಹಲ್ಲಿನ ದಾರ ಎಳೆದು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡಿ, ಸಿಕ್ಕಿದಲ್ಲಿ ಸವರಿ ಹೊಳಪು ಕೊಡುತ್ತಿದ್ದೆ. ಕ್ಯಾಪ್ ತಳಮುಟ್ಟಿದೆ ಎಂದು ಎಕ್ಸ್‌ರೇಯಲ್ಲಿ ಖಾತ್ರಿಯಾದ ಮೇಲೆ ಒಳಮೈಗೆ ಸುಮಾರು 50 ಮೈಕ್ರಾನಿನ ಅಲ್ಯೂಮಿನಾ ಪುಡಿಯನ್ನು ಕಡಿಮೆ ಗಾಳಿಯೊತ್ತಡದಲ್ಲಿ ಹಾಯಿಸಿ ಸ್ವಲ್ಪ ತರಿಯಾಗಿಸುತ್ತಿದ್ದೆ. ಹೀಗೆ ಮಾಡಿದ ಮೇಲೆ ಅದೇ ತಾತ್ಕಾಲಿಕ ಸಿಮೆಂಟ್ ಎಷ್ಟೋ ಬಾಯಿಗಳಲ್ಲಿ ನಿಂತಿದೆ. ಗೂಟದ ಎತ್ತರ ಸರಿಯಿದ್ದರೆ ನಿಮಗೆ ನಾನು ಸೂಚಿಸುವ ಮೊದಲ ದಾರಿ ಇದೇ. ಇದರಲ್ಲಿರುವ ಅಪಾಯ ಇಷ್ಟೇ, ಮತ್ತೊಮ್ಮೆ ಕಳಚಬಹುದು.

ಕಳಚಿದರೆ ಒಂದು ಮೆಟ್ಟಿಲು ಮೇಲೇರಬಹುದು. ಇಂಪ್ಲಾಂಟಿಗೆಂದೇ ತಯಾರಾಗುವ, ತಾತ್ಕಾಲಿಕಕ್ಕೂ ಕಾಯಂಗೂ ನಡುವಿನ ರೆಸಿನ್ ಸಿಮೆಂಟುಗಳಿವೆ. ಹಿಡಿತ ಹೆಚ್ಚು, ಆದರೆ ಬೇಕೆಂದಾಗ ಬಿಡಿಸಿಕೊಳ್ಳುತ್ತದೆ ಎಂಬ ಭರವಸೆ ಕಡಿಮೆ. ಅಂಚು ಒಸಡಿನೊಳಗೆ ಒಂದು ಮಿಲಿಮೀಟರಿಗಿಂತ ಆಳದಲ್ಲಿದ್ದರೆ ಇವುಗಳನ್ನು ಬಳಸಲು ನಾನು ಹಿಂಜರಿಯುತ್ತೇನೆ. ಬಳಸುವುದಾದರೂ ಕ್ಯಾಪನ್ನು ಮೊದಲು ಬಾಯಿಯ ಹೊರಗೆ ಗೂಟದ ಸಿಲಿಕೋನ್ ನಕಲಿನ ಮೇಲೆ ಒತ್ತಿ ಹೆಚ್ಚುವರಿ ಸಿಮೆಂಟನ್ನು ಅಲ್ಲೇ ಹಿಂಡಿ ತೆಗೆದು, ಆಮೇಲೆ ಬಾಯಲ್ಲಿ ಕೂರಿಸುವುದು ಕ್ಷೇಮ. ಕ್ಯಾಪ್ ತುಂಬ ಸಿಮೆಂಟ್ ಸುರಿಯುವುದು ಹಳೆಯ ಚಾಳಿ. ಒಳಗೋಡೆಗೆ ಬ್ರಷ್ಷಿನಿಂದ ತೆಳ್ಳಗೆ ಬಳಿದರೆ ಸಾಕು.

ಪೂರ್ತಿ ಕಾಯಂ ರೆಸಿನ್ ಸಿಮೆಂಟನ್ನು ಒಂಟಿ ದವಡೆ ಕ್ಯಾಪಿಗೆ ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಹಾಗೆ ಅಂಟಿಸಿದ ಕ್ಯಾಪಿನ ಕೆಳಗೆ ಸ್ಕ್ರೂ ಸಡಿಲವಾಗಿ ಬಂದವರ ಹಲ್ಲನ್ನು ಕೊರೆದಿದ್ದೇನೆ. ಸ್ಕ್ರೂ ಎಲ್ಲಿದೆ ಎಂಬ ಗುರುತು ಇಲ್ಲದಿದ್ದರೆ ಜಿರ್ಕೋನಿಯಾದಲ್ಲಿ ಅಂದಾಜಿನ ಮೇಲೆ ರಂಧ್ರ ಹಾಕಬೇಕಾಗುತ್ತದೆ, ಕ್ಯಾಪ್ ಬಿರುಕು ಬಿಟ್ಟರೆ ಹೊಸದೇ ಗತಿ.

ಗೂಟ ಗಿಡ್ಡವಾಗಿದ್ದರೆ ಸಿಮೆಂಟಿನ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿ. ಜಾಗವಿದ್ದರೆ ಎತ್ತರದ ಹೊಸ ಗೂಟ, ಇಲ್ಲದಿದ್ದರೆ ಸ್ಕ್ರೂವಿನಿಂದಲೇ ಬಿಗಿಯುವ ಕ್ಯಾಪ್ ಮಾಡಿಸುವುದು ಮೇಲು. ಅದರಲ್ಲಿ ಅಗಿಯುವ ಮೈಯಲ್ಲಿ ಸಣ್ಣ ರಂಧ್ರವಿರುತ್ತದೆ. ಒಳಗೆ ಟೆಫ್ಲಾನ್ ಪಟ್ಟಿ ತುಂಬಿ ಮೇಲೆ ಹಲ್ಲಿನ ಬಣ್ಣದ ಕಾಂಪೋಸಿಟ್ ಮುಚ್ಚುತ್ತೇವೆ. ಒಸಡಿನಡಿ ಸಿಮೆಂಟ್ ಉಳಿಯುವ ಪ್ರಶ್ನೆಯೇ ಇಲ್ಲ, ಬಿಚ್ಚುವುದು ಕೆಲವೇ ನಿಮಿಷದ ಕೆಲಸ. ಇಂಪ್ಲಾಂಟ್ ತುಂಬ ವಾಲಿಕೊಂಡಿದ್ದರೆ ರಂಧ್ರ ಬೇಡದ ಕಡೆ ಬರಬಹುದು, ರಂಧ್ರದ ಸುತ್ತ ಪಿಂಗಾಣಿ ಚಕ್ಕೆ ಏಳಬಹುದು, ಸ್ಕ್ರೂ ಇದರಲ್ಲೂ ಸಡಿಲವಾಗಬಹುದು. ಸಡಿಲವಾದರೆ ಬಿಗಿಯಲು ದಾರಿ ತೆರೆದಿರುತ್ತದೆ ಎಂಬುದೇ ವ್ಯತ್ಯಾಸ. ನಿಮ್ಮ ಈಗಿನ ಕ್ಯಾಪನ್ನೇ ಎಚ್ಚರದಿಂದ ಕೊರೆದು ಸ್ಕ್ರೂ ಕ್ಯಾಪಾಗಿ ಬದಲಿಸಲು ಕೆಲವೊಮ್ಮೆ ಸಾಧ್ಯ. ವೈದ್ಯರನ್ನು ಕೇಳಿ ನೋಡಿ.

ಅಂಗಡಿಯಲ್ಲಿ ಸಿಗುವ, ತಕ್ಷಣ ಹಿಡಿಯುವ ಅಂಟು ಏಕೆ ಬೇಡವೆಂದರೆ, ಅದು ಕ್ಯಾಪನ್ನು ಓರೆಯಾದ ಸ್ಥಿತಿಯಲ್ಲೇ ಹಿಡಿದುಬಿಡುತ್ತದೆ, ಒಸಡನ್ನು ಸುಡುತ್ತದೆ, ಅದನ್ನು ಕೆರೆದು ತೆಗೆಯುವಾಗ ಗೂಟಕ್ಕೆ ಗೀರು ಬೀಳುತ್ತದೆ. ನಿದ್ದೆಯಲ್ಲಿ ಕಳಚಿದ ಕ್ಯಾಪ್ ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ತಾನಾಗಿ ಹೊರಹೋಗುತ್ತದೆ. ಶ್ವಾಸನಾಳಕ್ಕೆ ಜಾರಿದರೆ ಹಾಗಲ್ಲ: ತಡೆಯಲಾಗದ ಕೆಮ್ಮು, ಏದುಸಿರು, ಉಸಿರಾಡುವಾಗ ಸಿಳ್ಳೆಯ ಸದ್ದು ಕಂಡರೆ ದಂತವೈದ್ಯರಿಗೆ ಕಾಯದೆ ನೇರ ತುರ್ತು ಚಿಕಿತ್ಸೆಗೆ ಹೋಗಬೇಕು. ಕೆಮ್ಮು ನಿಂತು ಆರಾಮೆನಿಸಿದರೂ ಕ್ಯಾಪ್ ಕೈಗೆ ಸಿಗದಿದ್ದರೆ ಎದೆಯ ಎಕ್ಸ್‌ರೇ ಮಾಡಿಸಲೇಬೇಕು.

ಈ ಸಲ ಮೂರು ವಾರ ಕಾಯಬೇಡಿ. ಒಂದೆರಡು ದಿನದಲ್ಲೇ ಹೋಗಿ. ಅಲ್ಲಿಯವರೆಗೆ ಗೂಟವನ್ನು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಇನ್ನೊಂದು ಕಡೆ ಅಗಿಯಿರಿ. ಗೂಟದ ಎತ್ತರ ಎಷ್ಟು, ಸ್ಕ್ರೂ ಬಿಗಿಯಿದೆಯೇ, ಕ್ಯಾಪ್ ತಳಮುಟ್ಟುತ್ತಿದೆಯೇ ಎಂಬ ಮೂರು ಮಾತನ್ನು ಕೇಳಿ, ಬಳಸುವ ಸಿಮೆಂಟಿನ ಹೆಸರನ್ನು ನಿಮ್ಮ ಇಂಪ್ಲಾಂಟ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಕ್ಯಾಪನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಒಯ್ಯಿರಿ. ಒಳಗೆ ಕೂತಿರುವ ಆ ಬಿಳಿ ಸಿಮೆಂಟನ್ನು ಮಾತ್ರ ಕೆರೆಯಬೇಡಿ. ಯಾವ ಬದಿ ದಪ್ಪ, ಯಾವ ಬದಿ ಹೊಳಪು ಎಂಬುದನ್ನು ನಿಮ್ಮ ವೈದ್ಯರು ಕಣ್ಣಾರೆ ನೋಡಬೇಕು.